ಬೀರುವಿನಿಂದ ಹೊರಡುವ ಸೀರೆಗಳು

ಬೀರುವಿನಲ್ಲಿ ವರ್ಷಗಟ್ಟಲೆ ಮಡಿಸಿಟ್ಟ ರೇಷ್ಮೆ ಸೀರೆಗೆ ನಮ್ಮ ಮನೆಗಳಲ್ಲಿ ಇದ್ದ ದಾರಿಗಳು ಕೆಲವೇ. ಮಗಳೋ ಸೊಸೆಯೋ ಇಷ್ಟಪಟ್ಟು ಉಟ್ಟರೆ ಅದರ ಭಾಗ್ಯ. ಇಲ್ಲದಿದ್ದರೆ ನುಸಿಗುಳಿಗೆಯ ಜೊತೆ ಅಲ್ಲೇ ಇದ್ದು, ಮಡಿಕೆ ಬಿದ್ದ ಗೆರೆಯುದ್ದಕ್ಕೂ ಒಂದು ದಿನ ತಾನಾಗಿಯೇ ಸೀಳಿಕೊಳ್ಳುವುದು. ಅದೂ ಅಲ್ಲದಿದ್ದರೆ 'ಹಳೇ ಜರಿ ಸೀರೆ ತಗೋತೀವಿ' ಎಂದು ಕೂಗುತ್ತ ಬರುವವರ ಚೀಲ ಸೇರುವುದು. ಅವರಿಗೆ ಬೇಕಾದದ್ದು ಅಂಚು, ಸೆರಗುಗಳಲ್ಲಿರುವ ಬೆಳ್ಳಿ. ಜರಿ ಸುಟ್ಟು ಬೆಳ್ಳಿ ತೆಗೆದ ಮೇಲೆ, ನೇಕಾರರು ದಿನಗಟ್ಟಲೆ ಮಗ್ಗದ ಮುಂದೆ ಕೂತು ನೇಯ್ದದ್ದು ಬೂದಿ. ಉತ್ತರ ಕರ್ನಾಟಕದಲ್ಲಿ ಹತ್ತಿಯ ಹಳೆ ಸೀರೆಗಳು ಕೌದಿಯಾಗಿ ಇನ್ನೊಂದು ಆಯುಷ್ಯ ಪಡೆಯುತ್ತಿದ್ದವು. ರೇಷ್ಮೆಗೆ ಆ ಯೋಗವೂ ಅಪರೂಪ.

ಈಗ ಇನ್ನೊಂದು ದಾರಿ ತೆರೆದಿದೆ. ವಾಟ್ಸ್ಆ್ಯಪ್ ಗುಂಪುಗಳು, ಫೇಸ್‌ಬುಕ್ ಗುಂಪುಗಳು, ಇನ್‌ಸ್ಟಾಗ್ರಾಂನ ಪುಟ್ಟ ಅಂಗಡಿಗಳಲ್ಲಿ ಉಟ್ಟ ಸೀರೆ, ತೊಟ್ಟ ಕುರ್ತಾ, ಒಂದೆರಡು ಸಲ ಹಾಕಿದ ಕೋಟು ದಿನವೂ ಕೈ ಬದಲಾಯಿಸುತ್ತಿವೆ. ಹುಬ್ಬಳ್ಳಿಯ ಮನೆಯಲ್ಲಿ ತೆಗೆದ ಚಿತ್ರ ನೋಡಿ ಪುಣೆಯವರು ಹಣ ಹಾಕುತ್ತಾರೆ, ಸೀರೆ ಸ್ಪೀಡ್ ಪೋಸ್ಟಿನಲ್ಲಿ ಹೊರಡುತ್ತದೆ. 2020ರ ಲಾಕ್‌ಡೌನ್ ಕಾಲದಲ್ಲಿ ಚಿಗುರಿದ ಈ ವ್ಯವಹಾರ ಆಮೇಲೆ ನಿಲ್ಲಲಿಲ್ಲ. ಇದಕ್ಕೆಂದೇ ಇರುವ ಅಮೆರಿಕದ ಪೋಶ್‌ಮಾರ್ಕ್ ಕಂಪನಿ 2021ರಲ್ಲಿ ಭಾರತಕ್ಕೆ ಬಂದು 2023ರಲ್ಲಿ ಅಂಗಡಿ ಮುಚ್ಚಿತು. ಗುಂಪುಗಳು ಮಾತ್ರ ಉಳಿದವು. ನಮ್ಮಲ್ಲಿ ಈ ವ್ಯಾಪಾರ ನಡೆಯುವುದು ಪರಿಚಯದ ನಂಬಿಕೆಯ ಮೇಲೆ. 'ಅವರು ನಮ್ಮಕ್ಕನ ಸಹೋದ್ಯೋಗಿ, ಸುಳ್ಳು ಹೇಳೋರಲ್ಲ' ಎಂಬ ಒಂದು ಮಾತು ಆ್ಯಪಿನ ಐದು ನಕ್ಷತ್ರಗಳಿಗಿಂತ ಹೆಚ್ಚು ಬಾಳುತ್ತದೆ.

ಇದನ್ನು ಮೆಚ್ಚುವವರು ಸಾಮಾನ್ಯವಾಗಿ ಎರಡು ಕಾರಣ ಕೊಡುತ್ತಾರೆ: ಅಗ್ಗ, ಮತ್ತು ಪರಿಸರಕ್ಕೆ ಒಳ್ಳೆಯದು. ಎರಡೂ ಅರ್ಧ ನಿಜ. ನನಗೆ ಮುಖ್ಯವಾಗಿ ಕಾಣುವುದು ಮೂರನೆಯ ಲಾಭ. ತನಗೆ ಯಾವ ಉಡುಗೆ ಒಪ್ಪುತ್ತದೆ, ತಾನು ನಿಜಕ್ಕೂ ಯಾವುದನ್ನು ಉಡುತ್ತೇನೆ ಎಂಬ ತಿಳಿವಳಿಕೆಯನ್ನು ಈ ವ್ಯವಹಾರ ಕೊಡುವಷ್ಟು ಚೆನ್ನಾಗಿ ಇನ್ನಾವುದೂ ಕೊಡುವುದಿಲ್ಲ. ಆದರೆ ಅದಕ್ಕೊಂದು ಷರತ್ತು ಇದೆ. ಕೊಳ್ಳುವುದರಲ್ಲಿ ತೋರುವ ಉತ್ಸಾಹವನ್ನು ಮಾರುವುದರಲ್ಲೂ ತೋರಬೇಕು. ಕೊಳ್ಳಲು ಮಾತ್ರ ಬರುವವರಿಗೆ ಇಲ್ಲಿ ಸಿಗುವುದು ಇನ್ನಷ್ಟು ಬಟ್ಟೆ, ಅಷ್ಟೇ.

ಮಾರುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸೀರೆಯೊಂದನ್ನು ಗುಂಪಿಗೆ ಹಾಕಬೇಕೆಂದರೆ ಮೊದಲು ಅದನ್ನು ಪೂರ್ತಿ ಬಿಚ್ಚಬೇಕು, ಐದೂವರೆ ಮೀಟರನ್ನೂ. ಕೊಂಡ ದಿನದಿಂದ ಅದನ್ನು ಪೂರ್ತಿ ಬಿಚ್ಚಿ ನೋಡಿದವರು ಎಷ್ಟು ಮಂದಿ? ಟ್ಯೂಬ್‌ಲೈಟಿನಲ್ಲಿ ತೆಗೆದರೆ ಮೆರೂನ್ ಬಣ್ಣ ಕಂದಾಗಿ ಕಾಣುತ್ತದೆ, ಹಾಗಾಗಿ ಹಗಲು ಬೆಳಕಿಗೆ ಕಿಟಕಿಯ ಬಳಿ ತರಬೇಕು. ಬೆಳಕಿಗೆ ಎದುರು ಹಿಡಿದು ಸೂಜಿಮೊನೆಯಷ್ಟು ತೂತುಗಳಿವೆಯೇ ಎಂದು ಹುಡುಕಬೇಕು. ಮಡಿಕೆಯ ಗೆರೆಗಳನ್ನು ಬೆರಳಲ್ಲಿ ಸವರಿ ನೂಲು ಬಿಟ್ಟಿದೆಯೇ ಎಂದು ಪರೀಕ್ಷಿಸಬೇಕು. ಜರಿ ಕಪ್ಪಾಗಿದ್ದರೆ ಅದು ಕಾಣುವಂತೆ ಇನ್ನೊಂದು ಚಿತ್ರ. ಆಮೇಲೆ ಬರೆಯಬೇಕು: 'ಎರಡು ಸಲ ಉಟ್ಟಿದ್ದು. ಫಾಲ್, ಪೀಕೋ ಆಗಿದೆ. ಬ್ಲೌಸ್ ಪೀಸ್ ಇಲ್ಲ. ಒಳನೆರಿಗೆಯ ಕಡೆ ಕಡಲೆಕಾಳಿನಷ್ಟು ಅರಿಶಿನದ ಕಲೆ ಇದೆ, ಉಟ್ಟರೆ ಕಾಣುವುದಿಲ್ಲ.' ನಮ್ಮ ಬಟ್ಟೆಯ ಬಗ್ಗೆ ಇಷ್ಟು ನಿಖರವಾಗಿ ನಾವು ಬೇರೆಲ್ಲೂ ಮಾತಾಡುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಬರುವ ಪ್ರಶ್ನೆ ಒಂದೇ. ಎಲ್ಲ ಗುಂಪಿನಲ್ಲೂ, ಎಲ್ಲ ಕೊಳ್ಳುವವರೂ ಕೇಳುವುದು: ಯಾಕೆ ಮಾರುತ್ತಿದ್ದೀರಿ?

ದಾವಣಗೆರೆಯ ಕಡೆಯ ಪರಿಚಿತ ಶಾಲಾ ಶಿಕ್ಷಕಿಯೊಬ್ಬರು ಕೆಲಕಾಲದಿಂದ ಹೀಗೆ ಸೀರೆ ಮಾರುತ್ತಿದ್ದಾರೆ. ಗದಗಿನ ಹುಡುಗಿಯೊಬ್ಬಳು ಅವರ ಅಗಲ ಅಂಚಿನ ಕಂಚಿ ಸೀರೆ ನೋಡಿ ಕೇಳಿದಳಂತೆ: 'ಅಕ್ಕಾರ, ಇಷ್ಟ್ ಚಂದ ಸೀರಿ ಯಾಕ ಮಾರಾಕತ್ತೀರಿ?' ಇವರು ಉತ್ತರಿಸಿದರು: 'ಬಸ್ಸಲ್ಲಿ ಓಡಾಡೋಳು ನಾನು, ಇದು ಮೈಮೇಲೆ ಭಾರ ಆಗ್ತೈತಮ್ಮ. ನಮ್ಮ ತಂಗಿ ತಗೊಂಡ್ಲು ಅಂತ ತಗೊಂಡಿದ್ದೆ.' ಹೇಳಿದ ಮೇಲೆ ಆ ಮಾತು ತಮ್ಮನ್ನೇ ಹಿಡಿದುಕೊಂಡಿತು ಎಂದರು ಅವರು. ಹಿಂದೆ ಮಾರಿದ್ದನ್ನೆಲ್ಲ ನೆನೆದು ನೋಡಿದರೆ ಬಹುಪಾಲು ಅಗಲ ಅಂಚಿನವೇ. ಯಾರದೋ ಮದುವೆಯ ಗಡಿಬಿಡಿಯಲ್ಲಿ, ಅಂಗಡಿಯ ಬಿಳಿ ಹಾಸಿನ ಮೇಲೆ ಒಂದರ ಮೇಲೊಂದು ಬಿಚ್ಚಿ ಹಾಕುವಾಗ, ನಾಲ್ಕು ಜನ ಸುತ್ತ ಕೂತು ಹೂಂ ಎಂದದ್ದಕ್ಕೆ ಕೊಂಡವು. ಮಾರಲು ಮನಸ್ಸು ಬಾರದೆ ಉಳಿದವು ಸಣ್ಣ ಅಂಚಿನ ಹತ್ತಿ ಸೀರೆಗಳು, ಎರಡು ತೆಳು ಮೈಸೂರು ಸಿಲ್ಕು. ಅವೇ ಅವರ ಉಡುಗೆ. ಯಾವ ಫ್ಯಾಷನ್ ಪತ್ರಿಕೆಯೂ, ಬಣ್ಣಗಳ ಬಗ್ಗೆ ಸಲಹೆ ಕೊಡುವ ಯಾವ ವಿಡಿಯೊವೂ ಅವರಿಗೆ ಇದನ್ನು ಹೇಳಿರಲಿಲ್ಲ. ಹೇಳಲು ಅವಕ್ಕೆ ಸಾಧ್ಯವೂ ಇರಲಿಲ್ಲ.

ಇದು ಅಂಗಿ, ಪ್ಯಾಂಟು, ಕುರ್ತಾಗಳಿಗೂ ಸಲ್ಲುತ್ತದೆ. ಅಂಗಿ ಮಾರುವವರು ಅದನ್ನು ಹಾಸಿಗೆಯ ಮೇಲೆ ಚಪ್ಪಟೆ ಹಾಸಿ ಎದೆಯಗಲ, ಭುಜ, ತೋಳು, ಉದ್ದವನ್ನು ಟೇಪಿನಲ್ಲಿ ಅಳೆದು ಹಾಕಬೇಕು. ಎಂ, ಎಲ್, ಎಕ್ಸ್‌ಎಲ್ ಎಂಬ ಅಕ್ಷರಗಳನ್ನು ಅನುಭವಿಗಳು ನಂಬುವುದಿಲ್ಲ. ಒಂದು ಕಂಪನಿಯ ಎಲ್ ಇನ್ನೊಂದು ಕಂಪನಿಯ ಎಂ ಆಗಿರುತ್ತದೆ. ಹೀಗೆ ನಾಲ್ಕಾರು ಅಂಗಿ ಅಳೆದವರಿಗೆ ತಮಗೆ ಒಪ್ಪುವ ಭುಜದ ಅಳತೆ ಎಷ್ಟು ಇಂಚು, ಯಾವ ಉದ್ದದ ಕುರ್ತಾ ತಮ್ಮನ್ನು ಕುಳ್ಳಗೆ ತೋರಿಸುತ್ತದೆ ಎಂಬುದು ಬಾಯಿಪಾಠ. ಹಿಂದೆ ಈ ಜ್ಞಾನ ಇದ್ದದ್ದು ಬೀದಿಯ ದರ್ಜಿಯ ನೋಟುಪುಸ್ತಕದಲ್ಲಿ. ರೆಡಿಮೇಡ್ ಬಂದ ಮೇಲೆ ಅದು ಯಾರಲ್ಲೂ ಉಳಿಯಲಿಲ್ಲ. ನಮ್ಮ ಮೈಯ ಅಳತೆ ನಮಗೇ ಗೊತ್ತಿಲ್ಲದೆ ನಾವು ಬಟ್ಟೆ ಕೊಳ್ಳುತ್ತ ಬಂದೆವು.

ಕೊಳ್ಳುವುದರಲ್ಲೂ ಕಲಿಕೆ ಇದೆ, ಬೇರೆ ಬಗೆಯದು. ಹೊಸ ಬಟ್ಟೆಯ ಅಂಗಡಿಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಉಟ್ಟು ಒಗೆದ ಬಟ್ಟೆ ತನ್ನ ಗುಣವನ್ನು ಮುಚ್ಚಿಡಲಾರದು. ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಅದರ ಒಡಲಿನ ಹಾಸುನೂಲಿಗೆ ಸೆರಗಿನ ರೇಷ್ಮೆ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ತೋಪುತೆನೆ ಎಂದು ಹೆಸರಾದ ಕೆಂಪು ಬಿಳಿಯ ಆ ಸೆರಗು ಶುರುವಾಗುವ ಜಾಗದಲ್ಲಿ ಈ ಕೊಂಡಿಗಳ ಸಾಲು ಕಣ್ಣಿಗೆ ಕಾಣುತ್ತದೆ. ಪವರ್‌ಲೂಮಿನ ನಕಲುಗಳಲ್ಲಿ ಇದು ಸಾಮಾನ್ಯವಾಗಿ ಸಿಗದು. ಆದ್ದರಿಂದ ತಿಳಿದವರು ಮಾರುವವರನ್ನು ಮೊದಲು ಕೇಳುವ ಚಿತ್ರ ಸೆರಗಿನದಲ್ಲ, ಸೆರಗು ಒಡಲು ಕೂಡುವ ಜಾಗದ್ದು. ಕಸೂತಿ ಇದ್ದರೆ ಹಿಂಬದಿಯ ಚಿತ್ರ ಕೇಳುತ್ತಾರೆ. ಗವಂತಿ ಹೊಲಿಗೆಯಲ್ಲಿ ಮುಂಬದಿ ಹಿಂಬದಿ ಒಂದೇ ರೀತಿ ಇರಬೇಕು, ಗಂಟು ಕಾಣಬಾರದು. ಇಷ್ಟು ತಿಳಿದವರನ್ನು ಯಾವ ಜಾಹೀರಾತೂ ಸುಲಭಕ್ಕೆ ಮರುಳು ಮಾಡಲಾರದು.

ಸೀರೆಗೆ ಇನ್ನೊಂದು ಅನುಕೂಲವೂ ಇದೆ. ಅದಕ್ಕೆ ಸೈಜಿಲ್ಲ. ಪಾಶ್ಚಾತ್ಯ ದೇಶಗಳ ಸೆಕೆಂಡ್ ಹ್ಯಾಂಡ್ ವ್ಯಾಪಾರದ ದೊಡ್ಡ ತಲೆನೋವು ಅಳತೆ ಹೊಂದದೆ ವಾಪಸಾಗುವ ಬಟ್ಟೆ. ತೆಳ್ಳಗಿನ ಹುಡುಗಿ ಉಟ್ಟ ಸೀರೆಯನ್ನು ಅವಳ ದಪ್ಪ ಚಿಕ್ಕಮ್ಮನೂ ಉಡಬಹುದು, ನೆರಿಗೆ ಎರಡು ಕಡಿಮೆಯಾಗುತ್ತದೆ ಅಷ್ಟೆ. ಜಗತ್ತಿನ ಉಡುಪುಗಳಲ್ಲಿ ಕೈಯಿಂದ ಕೈಗೆ ಸಾಗಲು ಇಷ್ಟು ಹೇಳಿಮಾಡಿಸಿದ್ದು ಇನ್ನೊಂದು ಇರಲಾರದು. 2015ರಲ್ಲಿ ಬೆಂಗಳೂರಿನ ಅಂಜು ಮೌದ್ಗಲ್ ಕದಂ ಮತ್ತು ಆ್ಯಲಿ ಮ್ಯಾಥನ್ ವರ್ಷಕ್ಕೆ ನೂರು ಸಲ ಸೀರೆ ಉಡುವ ಒಪ್ಪಂದವನ್ನು ಸಾಮಾಜಿಕ ಜಾಲತಾಣದಲ್ಲಿ ಶುರುಮಾಡಿದಾಗ, ಸಾವಿರಾರು ಹೆಂಗಸರು ತಮ್ಮ ಹಳೆ ಸೀರೆಗಳನ್ನು ಹೊರತೆಗೆದು ಅವುಗಳ ಕಥೆ ಬರೆದರು. ಹಳೆಯ ಸೀರೆಗೆ ಬೆಲೆ ಇದೆ ಎಂಬ ಭಾವನೆ ಸಾರ್ವಜನಿಕವಾದದ್ದರಲ್ಲಿ ಆ ಬರಹಗಳ ಪಾಲು ದೊಡ್ಡದು ಎಂದು ನಾನು ನಂಬುತ್ತೇನೆ.

ದುಡ್ಡಿನ ಲೆಕ್ಕವೂ ಇಲ್ಲಿ ಕಣ್ಣು ತೆರೆಸುತ್ತದೆ. 12,000 ರೂಪಾಯಿಯ ಹೊಸ ಸೀರೆಯನ್ನು ಮೂರು ಸಲ ಉಟ್ಟು ಇಟ್ಟರೆ ಒಂದೊಂದು ಸಲಕ್ಕೂ 4,000 ಬಿತ್ತು. ಅಂಥದ್ದನ್ನೇ 4,000ಕ್ಕೆ ಕೊಂಡು, ಕೊರಿಯರಿಗೆ 150 ಕೊಟ್ಟು, ಹತ್ತು ಸಲ ಉಟ್ಟು, ಅಂದಗೆಡದಂತೆ ಇಟ್ಟು 3,000ಕ್ಕೆ ಮಾರಿದರೆ ಒಂದು ಸಲಕ್ಕೆ ಬಿದ್ದದ್ದು 115 ರೂಪಾಯಿ. ಹೀಗೆ ಯೋಚಿಸಲು ಕಲಿತವರು ಕೊಳ್ಳುವಾಗಲೇ ಕೇಳಿಕೊಳ್ಳುತ್ತಾರೆ: ಇದನ್ನು ಮತ್ತೆ ಯಾರಾದರೂ ಕೊಂಡಾರೆಯೇ? ಪಾಲಿಸ್ಟರ್ ಕುರ್ತಾವನ್ನು ಯಾರೂ ಕೊಳ್ಳುವುದಿಲ್ಲ. ಮೈಸೂರು ಸಿಲ್ಕು ಕೇಳಿದ ಬೆಲೆಗೆ ಹೋಗುತ್ತದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾಗಿ ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ (ಕೆಎಸ್‌ಐಸಿ) ನಡೆಸುತ್ತಿರುವ ಕಾರ್ಖಾನೆಯ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ ಇರುತ್ತದೆ. ಬೇಡಿಕೆ ಎಷ್ಟೆಂದರೆ ಮಳಿಗೆಯ ಬಾಗಿಲು ತೆರೆಯುವ ಮೊದಲೇ ಹೆಂಗಸರು ಸಾಲು ನಿಂತ ಸುದ್ದಿ ಬಂದಿದೆ. ಇದರಿಂದ ಒಂದು ಕೆಟ್ಟ ಅಭ್ಯಾಸವೂ ಹುಟ್ಟಿದೆ. ಉಡುವ ಮನಸ್ಸೇ ಇಲ್ಲದೆ, ಮಾರಿ ಲಾಭ ಮಾಡಲೆಂದೇ ಕೊಳ್ಳುವವರು ಇದ್ದಾರೆ. ಅದು ಬೇರೆ ವ್ಯಾಪಾರ. ನಾನು ಹೇಳುತ್ತಿರುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಆಕ್ಷೇಪಗಳು. ಮೊದಲನೆಯದು ಎಲ್ಲರಿಗೂ ಗೊತ್ತಿರುವುದು: ಯಾರೋ ಉಟ್ಟು ಬಿಟ್ಟದ್ದನ್ನು ಉಡುವುದೇ? ಯಾರದೋ ಏನೋ, ಎಂಥವರೋ ಏನೋ. ಈ ಹಿಂಜರಿಕೆಯ ಒಂದು ಪಾಲು ಸ್ವಚ್ಛತೆಯದು. ಅದು ಒಗೆಯುವುದರಿಂದ, ಡ್ರೈಕ್ಲೀನಿನಿಂದ ಮುಗಿಯುತ್ತದೆ. ಇನ್ನೊಂದು ಪಾಲು ಜಾತಿಯದು, ಅದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹಳೆ ಬಟ್ಟೆಯನ್ನು ಮೇಲಿನವರು ಕೆಳಗಿನವರಿಗೆ ಕೊಡುವುದು, ಕೆಳಗಿನವರು ಉಡುವುದು ಎಂಬ ಕ್ರಮ ನಮ್ಮ ಊರುಗಳಲ್ಲಿ ಬೇರೂರಿತ್ತು. ಉಟ್ಟ ಬಟ್ಟೆ ಕೊಳ್ಳಲು ನಾಚುವವರಲ್ಲಿ ಅನೇಕರು ನಿಜಕ್ಕೂ ನಾಚುವುದು ಆ ಸಾಲಿನಲ್ಲಿ ತಾವು ನಿಲ್ಲಬೇಕಾದೀತು ಎಂದು. ಆದರೆ ಅದೇ ನಮ್ಮ ಮನೆಗಳಲ್ಲಿ ಹುಟ್ಟಿದ ಕೂಸನ್ನು ಮೊದಲು ಸುತ್ತುವುದು ಹಿರಿಯರು ಉಟ್ಟು ಮೆತ್ತಗಾದ ಸೀರೆ, ಪಂಚೆಯ ತುಂಡಿನಲ್ಲಿ. ಉಟ್ಟ ಬಟ್ಟೆಗೆ ದೋಷವಿದ್ದರೆ ಅದನ್ನು ಕೂಸಿಗೆ ಹೊದಿಸುತ್ತಿರಲಿಲ್ಲ. ಹೆಸರು ಕುಲ ಕೇಳದೆ ಒಬ್ಬರ ಸೀರೆಯನ್ನು ಇನ್ನೊಬ್ಬರು ಹಣ ಕೊಟ್ಟು, ಮೆಚ್ಚಿ ಉಡುವುದರಲ್ಲಿ ಆ ಹಳೆಯ ಕ್ರಮ ಸ್ವಲ್ಪವಾದರೂ ಕದಲುತ್ತದೆ. ನನಗೆ ಅದು ಸಣ್ಣ ಸಂಗತಿಯಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಮಾರಲು ಕೂತರೆ ಬಡವರಿಗೆ ಕೊಡುವುದು ಏನಾಗಬೇಕು? ಅದಕ್ಕೂ ಮುಂದೆ, ಹಳೆ ಬಟ್ಟೆಯನ್ನೇ ನಂಬಿ ಬದುಕುವವರ ಗತಿ ಏನು? ಪಾತ್ರೆ ಕೊಟ್ಟು ಹಳೆ ಬಟ್ಟೆ ಕೊಳ್ಳುವವರು ನಮ್ಮ ಬೀದಿಗಳಲ್ಲಿ ಇಂದಿಗೂ ಬರುತ್ತಾರೆ. ಗುಜರಾತ್ ಮೂಲದ ವಾಘ್ರಿ ಸಮುದಾಯದ ಹೆಂಗಸರು ತಲೆಮಾರುಗಳಿಂದ ಈ ಕಸುಬು ಮಾಡುತ್ತಿದ್ದಾರೆ. ದೆಹಲಿಯ ರಘುಬೀರ್ ನಗರದಲ್ಲಿ ಅವರ ಮಾರುಕಟ್ಟೆ ಬೆಳಗಾಗುವ ಮೊದಲೇ ನೆರೆಯುತ್ತದೆ. ಬಟ್ಟೆಯನ್ನು ಬೆರಳಲ್ಲಿ ಮುಟ್ಟಿಯೇ ನೂಲು ಯಾವುದು, ಎಷ್ಟು ಒಗೆತ ಕಂಡಿದೆ, ರಫೂ ಮಾಡಿದರೆ ಎಷ್ಟಕ್ಕೆ ಹೋದೀತು ಎಂದು ಹೇಳಬಲ್ಲ ಅವರ ಮುಂದೆ ನಮ್ಮ ಇನ್‌ಸ್ಟಾಗ್ರಾಂ ಜಾಣತನ ಏನೂ ಅಲ್ಲ. ಬಟ್ಟೆಯ ಮರುಬಳಕೆಯನ್ನು ಈ ದೇಶದಲ್ಲಿ ಕಾಪಾಡಿದವರು ಅವರು. ಒಳ್ಳೆಯ ಬಟ್ಟೆಯೆಲ್ಲ ಫೋನಿನ ಮೂಲಕ ಹೋದರೆ ಅವರ ಗಂಟಿಗೆ ಉಳಿಯುವುದು ಚಿಂದಿ. ಇದಕ್ಕೆ ನನ್ನ ಬಳಿ ಪೂರ್ತಿ ಸಮಾಧಾನವಿಲ್ಲ. ದಿನಬಳಕೆಯ ಗಟ್ಟಿ ಹತ್ತಿ ಬಟ್ಟೆ, ಮಕ್ಕಳ ಬಟ್ಟೆ, ಸ್ವೆಟರುಗಳನ್ನು ಮಾರಲು ಹೋಗಬಾರದು, ಅವು ಅವರಿಗೋ ಗೂಂಜ್‌ನಂಥ ಸಂಸ್ಥೆಗೋ ಸಲ್ಲಬೇಕು. 1999ರಲ್ಲಿ ಅಂಶು ಗುಪ್ತಾ ಕಟ್ಟಿದ ಆ ಸಂಸ್ಥೆ ಬಟ್ಟೆಯನ್ನು ಭಿಕ್ಷೆಯಾಗಿ ಹಂಚುವುದಿಲ್ಲ. ಊರಿನವರು ತಮ್ಮ ಊರಿಗಾಗಿ ಮಾಡಿದ ಕೆಲಸಕ್ಕೆ ಪ್ರತಿಫಲವಾಗಿ ಕೊಡುತ್ತದೆ. ನಾವು ಮಾರುವ ಕಂಚಿ, ಮೈಸೂರು ಸಿಲ್ಕುಗಳನ್ನಂತೂ ಯಾರೂ ಮನೆಗೆಲಸದಾಕೆಗೆ ಕೊಡುತ್ತಿರಲಿಲ್ಲ. ಅವಳಿಗೆ ಬೇಕಾಗಿರುವುದೂ ನಮ್ಮ ಹಳೆ ಸೀರೆಗಿಂತ ಹೆಚ್ಚಾಗಿ ನ್ಯಾಯವಾದ ಸಂಬಳ.

ಹೊರದೇಶಗಳಿಂದ ಮೂಟೆಗಟ್ಟಲೆ ಬರುವ ಹಳೆ ಕೋಟು, ಜಾಕೆಟ್ಟುಗಳ ಮಾತು ಬೇರೆ. ಬಳಸಿದ ಬಟ್ಟೆಯ ಆಮದಿಗೆ ನಮ್ಮ ದೇಶದಲ್ಲಿ ನಿರ್ಬಂಧವಿದೆ. ಕಾಂಡ್ಲಾದ ವಿಶೇಷ ಆರ್ಥಿಕ ವಲಯದಲ್ಲಿ ವಿಂಗಡಿಸಿ ಮರುರಫ್ತು ಮಾಡಲು, ಕತ್ತರಿಸಿ ಪಾಣಿಪತ್ತಿನ ನೂಲಿನ ಗಿರಣಿಗಳಿಗೆ ಕಳಿಸಲು ಎಂದು ಬಂದದ್ದರಲ್ಲಿ ಒಂದಷ್ಟು ಸೋರಿ ಮಾರುಕಟ್ಟೆಗೆ ಬರುತ್ತದೆ. ಅನೇಕ ಥ್ರಿಫ್ಟ್ ಅಂಗಡಿಗಳ ಸರಕು ಅದೇ. ಅಲ್ಲಿ ಯಾರು ತೊಟ್ಟರು, ಯಾಕೆ ಬಿಟ್ಟರು ಎಂದು ಕೇಳಲು ಯಾರೂ ಇಲ್ಲ. ನಾನು ಮೆಚ್ಚುವ ವ್ಯವಹಾರದ ಜೀವವೇ ಆ ಪ್ರಶ್ನೆ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ. ಮಾರಬಹುದು ಎಂಬ ಧೈರ್ಯದಿಂದಲೇ ಜನ ಹೆಚ್ಚು ಕೊಳ್ಳುತ್ತಾರೆ. ಎಲೆನ್ ಮೆಕಾರ್ಥರ್ ಫೌಂಡೇಷನ್ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅದಕ್ಕೆ ಹಿಂದಿನ ಸುಮಾರು 15 ವರ್ಷಗಳಲ್ಲಿ ಜಗತ್ತಿನ ಬಟ್ಟೆ ಉತ್ಪಾದನೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಒಂದು ಬಟ್ಟೆಯನ್ನು ಬಿಸಾಡುವ ಮೊದಲು ತೊಡುವ ಸಲಗಳು ಶೇ. 36ರಷ್ಟು ಇಳಿದವು. ಈ ವೇಗಕ್ಕೆ ಸೆಕೆಂಡ್ ಹ್ಯಾಂಡ್ ಗುಂಪುಗಳು ತಡೆಯಾಗುವ ಬದಲು ಎಣ್ಣೆ ಸುರಿಯುವ ಅಪಾಯ ಇದೆ. ದಿನಕ್ಕೆ ಇನ್ನೂರು ಸೀರೆ ಕಣ್ಣ ಮುಂದೆ ಹಾದುಹೋಗುತ್ತವೆ. 'ಇದು ನನಗೆ' ಎಂದು ಮೊದಲು ಬರೆದವರಿಗೆ ಸಿಗುವುದು. ಆ ಆತುರದಲ್ಲಿ ಕೊಂಡದ್ದಕ್ಕೂ ದೀಪಾವಳಿ ರಿಯಾಯಿತಿಯಲ್ಲಿ ಕೊಂಡದ್ದಕ್ಕೂ ವ್ಯತ್ಯಾಸವೇ ಇಲ್ಲ. ಯುರೋಪಿನ ದೊಡ್ಡ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಾದ ವಿಂಟೆಡ್ ಹುಟ್ಟಿದ್ದು 2008ರಲ್ಲಿ, ಲಿಥುವೇನಿಯಾದ ಮಿಲ್ಡಾ ಮಿಟ್‌ಕುಟೆ ಮನೆ ಬದಲಿಸುವಾಗ ತನ್ನಲ್ಲಿ ಬಟ್ಟೆ ವಿಪರೀತ ಇವೆ ಎಂದು ಕಂಡು ಅವನ್ನು ದಾಟಿಸಲು ಹೊರಟಾಗ. ಹಗುರಾಗುವುದಕ್ಕೆ ಶುರುವಾದದ್ದು ಇಂದು ಲಕ್ಷಾಂತರ ಜನರಿಗೆ ತುಂಬಿಕೊಳ್ಳುವ ಜಾಗವಾಗಿದೆ.

ಅದಕ್ಕೇ ನಾನು ಮಾರುವುದನ್ನು ಮುಂದಿಡುತ್ತಿರುವುದು. ಗುಂಪಿನಲ್ಲಿ ಮಾರಿ ಬಂದ ಹಣದ ಮಿತಿಯೊಳಗೇ ಕೊಳ್ಳುವ ನಿಯಮ ಇಟ್ಟುಕೊಂಡವರಿಗೆ ಆತುರ ತಾನಾಗಿಯೇ ತಗ್ಗುತ್ತದೆ. ಒಂದು ಹೊರಹೋಗದೆ ಇನ್ನೊಂದು ಬರುವಂತಿಲ್ಲ. ಬರುವುದು ಹೋಗುವುದಕ್ಕಿಂತ ಮೇಲಾಗಿರಬೇಕು. ಹೀಗೆ ನಡೆದರೆ ಕೆಲವು ವರ್ಷಗಳಲ್ಲಿ ಉಳಿಯುವುದು ಕಡಿಮೆ, ಉಳಿದದ್ದೆಲ್ಲ ಉಡುವಂಥದ್ದು. ಅಮ್ಮನ ಧಾರೆ ಸೀರೆಯಂಥ ಒಂದೆರಡು ಈ ಲೆಕ್ಕಕ್ಕೆ ಹೊರತು, ಅವನ್ನು ಮಾರಿ ಎಂದು ಯಾರೂ ಹೇಳಬಾರದು.

ನೇಕಾರರ ಪ್ರಶ್ನೆ ಉಳಿಯಿತು. ಸೀರೆ ಎರಡನೆಯ ಸಲ ಮಾರಾಟವಾದಾಗ ಅದನ್ನು ನೇಯ್ದವರಿಗೆ ಒಂದು ಕಾಸೂ ಸಿಗುವುದಿಲ್ಲ. ಹಳೆಯದಕ್ಕೆ ಬೆಲೆ ಬಂದರೆ ಹೊಸ ಕೈಮಗ್ಗಕ್ಕೂ ಮಾನ ಬರುತ್ತದೆ ಎಂಬ ವಾದ ಇದೆ. ಮಾನದಿಂದ ಮಜೂರಿ ಹುಟ್ಟುವುದಿಲ್ಲ. ಪವರ್‌ಲೂಮಿನ ಅಗ್ಗದ ಹತ್ತು ಸೀರೆಯ ಬದಲು ಹಳೆಯ ಕೈಮಗ್ಗದ ಸೀರೆ ಕೊಂಡವರು ನೇಕಾರರಿಗೆ ನಷ್ಟ ಮಾಡಿಲ್ಲ, ನಿಜ. ಲಾಭವನ್ನೂ ಮಾಡಿಲ್ಲ. ಹಾಗಾಗಿ ಈ ದಾರಿ ಹಿಡಿದವರಲ್ಲಿ ನನ್ನದೊಂದು ಕೇಳಿಕೆ. ಹಳೆಯದನ್ನು ಮಾರಿ ಬಂದ ಹಣದಲ್ಲಿ ಒಂದು ಪಾಲನ್ನು ಎತ್ತಿಡಿ. ವರ್ಷಕ್ಕೊಂದು ಸಲ ಇಳಕಲ್ಲಿನ, ಮೊಳಕಾಲ್ಮೂರಿನ, ಗುಳೇದಗುಡ್ಡದ ಕೈಮಗ್ಗದ ನೇಕಾರರಿಂದಲೋ, ಉಡುಪಿ ಸೀರೆ ನೇಯುವ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಿಂದಲೋ ಹೊಸದೊಂದನ್ನು ಪೂರ್ತಿ ಬೆಲೆ ಕೊಟ್ಟು, ಚೌಕಾಸಿ ಮಾಡದೆ ಕೊಳ್ಳಿ. ಯಾವ ಬಣ್ಣ, ಎಷ್ಟು ಅಂಚು, ಎಂಥ ನೂಲು ಬೇಕು ಎಂದು ಅಷ್ಟು ಹೊತ್ತಿಗೆ ನಿಮಗೆ ಗೊತ್ತಿರುತ್ತದೆ.